ಧೂಳು ಒರೆಸಿದ ಲಕೋಟೆ

ಲಕೋಟೆಯಕ್ಕನ ಬಾಯಿಗೆ ಬೀಗ ಹಾಕುವವರು ಆ ಆಸ್ಪತ್ರೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವಳು ಎಕ್ಸ್‌ರೇ ವಿಭಾಗದ ನೆಲಮಾಳಿಗೆಯಲ್ಲಿ ಫಿಲ್ಮುಗಳ ಲಕೋಟೆಗಳನ್ನು ಕಾಯುತ್ತಿದ್ದಳು. ಸೋಮವಾರ ಮತ್ತು ಗುರುವಾರ ಮಾತ್ರ ಮೇಲಿನ ಮಹಡಿಗೆ ಬಂದು ಕಿಟಕಿಯ ಹಿಂದೆ ಕೂತು ವರದಿ ಹಂಚುತ್ತಿದ್ದಳು. ಹುಟ್ಟಿದಾಗ ಇಟ್ಟ ಹೆಸರು ಒಂದಿತ್ತು, ನಿಜ. ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದಿಲ್ಲ.

ಆ ವಿಭಾಗದಲ್ಲಿ ಒಂದು ಕ್ರಮವಿತ್ತು. ಐವತ್ತು ದಾಟಿದ ಹೆಂಗಸರನ್ನು, ನೋವು ಗೀವು ಇಲ್ಲದಿದ್ದರೂ, ಎರಡು ವರ್ಷಕ್ಕೊಮ್ಮೆ ಕರೆದು ಎದೆಯ ಫೋಟೋ ತೆಗೆಯುತ್ತಿದ್ದರು. ಮ್ಯಾಮೋಗ್ರಾಂ ಎನ್ನುವುದು ಡಾಕ್ಟರುಗಳ ಮಾತು. ಕಿಟಕಿಯ ಮುಂದೆ ಸಾಲು ನಿಲ್ಲುವವರಿಗೆಲ್ಲ ಅದು ಫೋಟೋ. ನೂರಕ್ಕೆ ತೊಂಬತ್ತೈದು ಮಂದಿಗೆ 'ಏನೂ ಇಲ್ಲ' ಎನ್ನುವ ಕಾಗದ ಬರುತ್ತಿತ್ತು. ಆ ಕಾಗದವನ್ನು ಲಕೋಟೆಯಕ್ಕ ಸುಮ್ಮನೆ ಕೊಟ್ಟವಳಲ್ಲ. "ಏನೂ ಇಲ್ಲ ತಾಯಿ, ಕಲ್ಲುಗುಂಡಿನ ಹಾಗಿದ್ದೀಯ. ಇನ್ನೆರಡು ವರ್ಷ ಈ ಕಡೆ ತಲೆ ಹಾಕಿದ್ರೆ ನೋಡು!" ಎಂದು ಬೆರಳು ಆಡಿಸುತ್ತಿದ್ದಳು. ಬೆಳಗಿನಿಂದ ಉಗುಳು ನುಂಗುತ್ತಾ ನಿಂತ ಹೆಂಗಸರು ಆಗ ನಕ್ಕುಬಿಡುತ್ತಿದ್ದರು. ಕೆಲವರು ಕಿಟಕಿಯೊಳಗೆ ಕೈ ತೂರಿಸಿ ಅವಳ ಕೈ ಹಿಡಿದುಕೊಳ್ಳುತ್ತಿದ್ದರು. ಡಾಕ್ಟರು ಬರೆದ ಒಣ ಅಕ್ಷರಕ್ಕೆ ಜೀವ ಕೊಡುವವಳು ತಾನೇ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಹೆಮ್ಮೆ ಪಡಬಾರದು ಎಂದು ನಾನೂ ಹೇಳುವುದಿಲ್ಲ.

ಅದೇ ಕಿಟಕಿಯಲ್ಲಿ, ಅದೇ ಮಾತು ಹೇಳಿ, ಅವಳು ತನ್ನ ನಾದಿನಿಗೂ ಕಾಗದ ಕೊಟ್ಟಿದ್ದಳು.

ಗಂಡನ ತಂಗಿ. ದರ್ಜಿ ಕೆಲಸ. ಎರಡು ಬೀದಿ ಆಚೆ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ. ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೆಕಾಯಿ ಎನ್ನುತ್ತಾರಲ್ಲ, ಈ ಇಬ್ಬರು ಆ ಮಾತಿಗೆ ಮಸಿ ಬಳಿದಿದ್ದರು. ಮೂವತ್ತು ವರ್ಷ ಒಬ್ಬರನ್ನೊಬ್ಬರು ಆಡಿಕೊಂಡು, ಒಬ್ಬರ ಹೆರಿಗೆಗೆ ಇನ್ನೊಬ್ಬರು ನಿಂತು, ಇಬ್ಬರೂ ಸೇರಿ ಆ ಪಾಪದ ಗಂಡಸನ್ನು ಗೋಳು ಹೊಯ್ದುಕೊಂಡು ಬದುಕಿದ್ದರು. ನಾದಿನಿಗೆ ಫೋಟೋ ತೆಗೆಸಿಕೊಳ್ಳಲು ಮನಸ್ಸೇ ಇರಲಿಲ್ಲ. ಎಳೆದುಕೊಂಡು ಹೋದವಳು ಲಕೋಟೆಯಕ್ಕ.

ಫೋಟೋ ತೆಗೆದು ಒಂಬತ್ತು ತಿಂಗಳಾಗಿತ್ತು. ನಾದಿನಿ ತನ್ನದೇ ಅಳತೆಯ ಗಿರಾಕಿಯೊಬ್ಬಳ ಅಂಗಿಯನ್ನು ತಾನೇ ತೊಟ್ಟು ಕನ್ನಡಿಯ ಮುಂದೆ ನಿಂತಳು. ಎಡಗಡೆ ಸರಿ ಕೂರಲಿಲ್ಲ. ಅಂಗಿ ಬಿಚ್ಚಿ ಹೊಲಿಗೆ ನೋಡಿದಳು, ಹೊಲಿಗೆ ನೆಟ್ಟಗಿತ್ತು. ಆಮೇಲೆ ತನ್ನನ್ನೇ ನೋಡಿಕೊಂಡಳು. ಆ ಸಂಜೆ ಅತ್ತಿಗೆ ಬಂದಾಗ ಹೇಳಿದಳು: "ದಾರ ಬಿಗಿಯಾಗಿ ಎಳೆದ್ರೆ ಬಟ್ಟೆ ಒಂದು ಕಡೆ ಸುಕ್ಕು ಬೀಳತ್ತಲ್ಲ ಅತ್ತಿಗೆ, ಹಾಗೆ ಕಾಣತ್ತೆ. ಕೈ ಎತ್ತಿದಾಗ ಮಾತ್ರ. ಗಂಟು ಗಿಂಟು ಏನೂ ಇಲ್ಲ."

"ವಯಸ್ಸಾಯ್ತು ಕಣೇ, ಇನ್ನೇನು ಇಸ್ತ್ರಿ ಹಾಕಿದ ಹಾಗಿರತ್ತಾ?" ಎಂದಳು ಲಕೋಟೆಯಕ್ಕ. "ಈಗ ತಾನೇ ಫೋಟೋ ತೆಗೆಸಿದ್ದೀಯ. ಏನೂ ಇಲ್ಲ ಅಂತ ನಾನೇ ಕೈಗೆ ಕೊಟ್ಟಿದ್ದೀನಿ. ಇಲ್ಲದ್ದನ್ನ ತಲೆಗೆ ಹಚ್ಚಿಕೊಳ್ಬೇಡ, ಸುಮ್ನಿರು."

ನಾದಿನಿ ಸುಮ್ಮನಿದ್ದಳು. ನಾಲ್ಕು ತಿಂಗಳು ಸುಮ್ಮನಿದ್ದಳು. ಐದನೆಯ ತಿಂಗಳಲ್ಲಿ ಕೈಗೆ ಗಂಟು ಸಿಕ್ಕಿತು. ಶಸ್ತ್ರಚಿಕಿತ್ಸೆ ಮಾಡಿದಾಗ ಕಂಕುಳಿನ ಕೆಳಗೂ ಹರಡಿದ್ದು ಗೊತ್ತಾಯಿತು. ಆಮೇಲೆ ಔಷಧಿಯ ಸರದಿ ಶುರುವಾಗಿ ಕೂದಲು ಹೋಯಿತು. ಮಿಕ್ಕಿದ ಬಟ್ಟೆಯ ತುಂಡುಗಳಿಂದ ಅವಳು ತನಗೇ ಟೋಪಿ ಹೊಲಿದುಕೊಂಡಳು. ಒಂದು ದಿನ ಆ ಟೋಪಿಯ ಅಂಚನ್ನು ಸರಿಮಾಡಿಕೊಳ್ಳುತ್ತಾ ಕೇಳಿದಳು.

"ಅತ್ತಿಗೆ, ಆ ಫೋಟೋದಲ್ಲಿ ಇದು ಆಗ್ಲೇ ಇತ್ತಾ? ನೀನು ಅಲ್ಲೇ ಇರೋಳು. ನನಗೆ ಅದೊಂದು ತಿಳ್ಕೊಂಡು ಹೇಳು. ಬೇರೇನೂ ಬೇಡ."

ಅದನ್ನು ತಿಳಿಯುವ ದಾರಿ ಆಸ್ಪತ್ರೆಯಲ್ಲಿತ್ತು. 'ಏನೂ ಇಲ್ಲ' ಎನ್ನಿಸಿಕೊಂಡು ಹೋದವಳಿಗೆ ಮುಂದಿನ ಫೋಟೋದ ಸರದಿ ಬರುವ ಮೊದಲೇ ರೋಗ ಕಂಡರೆ, ಅವಳ ಹಳೆಯ ಫಿಲ್ಮನ್ನು ಹೊರತೆಗೆದು ಮತ್ತೆ ಓದುತ್ತಿದ್ದರು. ಮೂರು ತಿಂಗಳಿಗೊಮ್ಮೆ, ಮೊದಲು ಓದಿದವರನ್ನು ಬಿಟ್ಟು, ಬೇರೆ ಮೂವರು ಡಾಕ್ಟರು ಕೂರುತ್ತಿದ್ದರು. ಆದರೆ ರೋಗ ಬಂದವಳ ಫಿಲ್ಮು ಎಂದು ಮೊದಲೇ ಹೇಳಿ ಕೊಟ್ಟರೆ ಯಾರಿಗಾದರೂ ಅಲ್ಲೊಂದು ಕಲೆ ಕಂಡೇ ಕಾಣುತ್ತದೆ. ಅದಕ್ಕೆಂದೇ, ಆರೋಗ್ಯವಾಗಿರುವ ಒಂಬತ್ತು ಹೆಂಗಸರ ಫಿಲ್ಮಿನ ಜೊತೆ ಇದೊಂದನ್ನು ಬೆರೆಸಿ, ಎಲ್ಲದರ ಹೆಸರಿನ ಮೇಲೂ ಕಾಗದ ಅಂಟಿಸಿ, ಹತ್ತು ಲಕೋಟೆ ಒಟ್ಟಿಗೆ ಇಡಬೇಕು. ಬೆರೆಸುವವಳು ಲಕೋಟೆಯಕ್ಕ. ಡಾಕ್ಟರುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೊಂದನ್ನೂ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿ ಚೀಟಿಯಲ್ಲಿ ಗುರುತು ಹಾಕಬೇಕು. ಚೀಟಿಯಲ್ಲಿ ಮೂರು ಮನೆ: 'ಏನೂ ಇಲ್ಲ', 'ಸಣ್ಣ ಸುಳಿವು', 'ಕಾಣಬೇಕಿತ್ತು'. ಇದು ಕಲಿಯುವುದಕ್ಕೆ, ಶಿಕ್ಷೆಗಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ಆದರೂ 'ಕಾಣಬೇಕಿತ್ತು' ಎಂದು ಬಿದ್ದರೆ, ಮೊದಲು ಆ ಫಿಲ್ಮು ಓದಿದವರು ಯಾರು ಎನ್ನುವುದು ಮಧ್ಯಾಹ್ನದೊಳಗೆ ಇಡೀ ಓಣಿಗೆ ಗೊತ್ತಾಗುತ್ತಿತ್ತು.

ಕಳೆದ ವರ್ಷ 'ಕಾಣಬೇಕಿತ್ತು' ಎನ್ನುವ ಆ ಮನೆಯಲ್ಲಿ ಎರಡು ಸಲ ಗುರುತು ಬಿದ್ದದ್ದು ಹೊಸ ಡಾಕ್ಟರಮ್ಮನ ಹೆಸರಿಗೆ. ವಯಸ್ಸು ಮೂವತ್ತು ದಾಟಿರಲಿಲ್ಲ. ಮೊದಲು ಚಹಾದ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಹುಡುಗಿ, ಆಮೇಲೆ ಚಹಾಕ್ಕೆ ಬರುವುದನ್ನೇ ಬಿಟ್ಟಳು. ಫಿಲ್ಮು ಓದುವಾಗ ಒಂದೊಂದಕ್ಕೂ ಅರ್ಧ ಗಂಟೆ ತೆಗೆದುಕೊಂಡು, ನಾಲ್ವರಲ್ಲಿ ಒಬ್ಬಳನ್ನು ಸುಮ್ಮಸುಮ್ಮನೆ ಮತ್ತೆ ಕರೆಸಿ ಹೆದರಿಸುತ್ತಿದ್ದಳು. ಬಿಸಿ ಹಾಲು ಕುಡಿದ ಬಾಯಿ ಮಜ್ಜಿಗೆಗೂ ಊದುತ್ತದೆ, ಇನ್ನೇನು ಮಾಡುತ್ತದೆ? ನಾದಿನಿಯ ಫಿಲ್ಮಿಗೆ ಅಂದು 'ಏನೂ ಇಲ್ಲ' ಎಂದು ಸಹಿ ಹಾಕಿದವಳೂ ಅವಳೇ.

ನಾದಿನಿಯ ಹಳೆಯ ಫಿಲ್ಮನ್ನು ಮತ್ತೆ ಓದುವ ಸರದಿಗೆ ಒಂದು ವಾರ ಮೊದಲು, ಆ ಮೂವರಲ್ಲಿ ಹಿರಿಯರಾದ ದೊಡ್ಡ ಡಾಕ್ಟರು ಚಹಾ ಕುಡಿಯುತ್ತಾ ಒಂದು ತಮಾಷೆ ಮಾಡಿದರು.

"ಅಕ್ಕ, ನೀವು ಎಷ್ಟೇ ಬೆರೆಸಿ, ನನಗೆ ಯಾವ್ದು ಅಂತ ದೂರದಿಂದ್ಲೇ ಗೊತ್ತಾಗತ್ತೆ ಬಿಡಿ."

"ಹೇಗೆ ಸಾರ್?"

"ಹತ್ತರಲ್ಲಿ ಧೂಳಿಲ್ಲದ್ದು ಒಂದೇ!"

ಎಲ್ಲರೂ ನಕ್ಕರು. ಲಕೋಟೆಯಕ್ಕನೂ ಹಲ್ಲು ಬಿಟ್ಟಳು, ಆದರೆ ಚಹಾ ಮುಗಿಸದೆ ಎದ್ದಳು.

ಡಾಕ್ಟರು ಹೇಳಿದ್ದು ಸುಳ್ಳಲ್ಲ. ನೆಲಮಾಳಿಗೆಯ ಕಪಾಟುಗಳಿಗೆ ವರ್ಷವಿಡೀ ಧೂಳು. ಒಂಬತ್ತು ಲಕೋಟೆಗಳನ್ನು ಅವಳು ಎಳೆದು ತರುತ್ತಿದ್ದಳು, ಅಷ್ಟೆ. ಆದರೆ ರೋಗ ಬಂದವಳ ಲಕೋಟೆ ಕೈಗೆ ಬಂದಾಗ ಅವಳಿಗೆ ಹಾಗೆ ಎಳೆಯಲು ಆಗುತ್ತಿರಲಿಲ್ಲ. ಯಾರ ಮನೆಯವಳೋ, ಈಗ ಎಲ್ಲಿ ಮಲಗಿದ್ದಾಳೋ ಎಂದು ಮುಮ್ಮಲ ಮರುಗಿ, ಒದ್ದೆ ಬಟ್ಟೆಯಿಂದ ನಾಲ್ಕೂ ಮೂಲೆ ಒರೆಸಿ, ಹರಿದ ಅಂಚಿಗೆ ಟೇಪು ಹಚ್ಚಿ, ಜ್ವರದ ಮಗುವಿನ ಮುಖ ಒರೆಸಿದ ಹಾಗೆ ಒರೆಸಿ ಇಡುತ್ತಿದ್ದಳು. ಇಪ್ಪತ್ತೆರಡು ವರ್ಷ ಅದನ್ನು ಒಳ್ಳೆಯ ಕೆಲಸ ಎಂದುಕೊಂಡಿದ್ದಳು. ಈಗ ನೋಡಿದರೆ, ಬೆರೆಸಿ ಮುಚ್ಚಿಡಬೇಕಾದದ್ದನ್ನು ತಾನೇ ಬೆರಳು ಮಾಡಿ ತೋರಿಸುತ್ತಾ ಬಂದಿದ್ದಳು. ಡಾಕ್ಟರುಗಳು ಆ ಒಂದು ಫಿಲ್ಮನ್ನು ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತಿದ್ದರು, ಉಳಿದವನ್ನು ತೇಲಿಸುತ್ತಿದ್ದರು. ಹಾಗಾದರೆ ಆ ಹುಡುಗಿಯ ಮೇಲೆ ಬಿದ್ದ ಎರಡು ಗುರುತು?

ಮರುವಾರ ನಾದಿನಿಯ ಲಕೋಟೆ ತೆಗೆಯಲು ಅವಳು ನೆಲಮಾಳಿಗೆಗೆ ಇಳಿದಳು. ಸ್ವಂತದವರ ಫಿಲ್ಮು ತಾನು ಮುಟ್ಟಬಾರದು ಎಂದು ನಿಯಮವಿತ್ತು. ನಾದಿನಿಯ ಮನೆತನದ ಹೆಸರು ಬೇರೆ, ಯಾರಿಗೂ ಗೊತ್ತಿಲ್ಲ, ಅವಳೂ ಬಾಯಿಬಿಡಲಿಲ್ಲ. ಇದು ಸರಿಯಲ್ಲ. ಅವಳಿಗೂ ಅದು ಗೊತ್ತಿತ್ತು.

ಲಕೋಟೆ ಸಿಕ್ಕಿತು. ಕೈ ತಾನಾಗಿಯೇ ಬಟ್ಟೆ ಒದ್ದೆ ಮಾಡಿಕೊಂಡಿತು. ನಾಲ್ಕು ಮೂಲೆ ಒರೆಸಿದಳು, ಮುಂದೆ ಹಿಂದೆ ಒರೆಸಿದಳು, ಒರೆಸುತ್ತಾ ಅತ್ತಳು. ಒರೆಸಿ ಮುಗಿದ ಮೇಲೆ ಮೇಜಿನ ಮೇಲೆ ಹತ್ತೂ ಲಕೋಟೆ ಇಟ್ಟು ನೋಡಿದಳು. ಒಂಬತ್ತು ಬೂದು ಬಣ್ಣ, ಒಂದು ಫಳಫಳ.

ಇಲ್ಲಿ ಅವಳ ಮನಸ್ಸಿನೊಳಗೆ ಬಂದದ್ದನ್ನು ಹೇಳಲೇಬೇಕು. ಹೀಗೇ ಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೂವರೂ ಈ ಒಂದರ ಮೇಲೆ ಬೀಳುತ್ತಾರೆ, ಹುಡುಕುತ್ತಾರೆ, ಏನಾದರೂ ಕಂಡೇ ಕಾಣುತ್ತದೆ. 'ಕಾಣಬೇಕಿತ್ತು' ಎಂದು ಬೀಳುತ್ತದೆ. ಆಮೇಲೆ ನಾದಿನಿಗೆ ಹೋಗಿ ಹೇಳಬಹುದು: ಇತ್ತು ಕಣೇ, ಆಗಲೇ ಇತ್ತು, ಡಾಕ್ಟರಮ್ಮ ನೋಡಲಿಲ್ಲ. ಆಗ ಆ ನಾಲ್ಕು ತಿಂಗಳ ಸುದ್ದಿ ಯಾರು ಎತ್ತುತ್ತಾರೆ? 'ಸುಮ್ನಿರು' ಎಂದವಳ ಹೆಸರು ಯಾವ ಚೀಟಿಯಲ್ಲೂ ಇಲ್ಲ. ಮೂರು ಮನೆಯಲ್ಲಿ ಒಂದರಲ್ಲೂ ಇಲ್ಲ. ಏನೂ ಮಾಡುವುದು ಬೇಡ, ಬಟ್ಟೆಯನ್ನು ಕೆಳಗಿಟ್ಟರೆ ಸಾಕು.

ಬಟ್ಟೆ ಕೆಳಗಿಟ್ಟಳು. ಎರಡು ಮೆಟ್ಟಿಲು ಹತ್ತಿದಳು. ಆ ಹುಡುಗಿ ಓಣಿಯ ಗೋಡೆ ಬದಿಗೆ ಸರಿದು, ತಲೆ ತಗ್ಗಿಸಿ ನಡೆಯುವುದು ಕಣ್ಣ ಮುಂದೆ ಬಂತು. ಅವಳಿಗೂ ಎಲ್ಲೋ ಒಬ್ಬಳು ಅತ್ತಿಗೆ ಇದ್ದಾಳು. "ಥೂ ನನ್ನ ಜನ್ಮಕ್ಕೆ" ಎಂದು ಬೈದುಕೊಂಡು ವಾಪಸು ಇಳಿದಳು.

ಒಂಬತ್ತನ್ನೂ ಒರೆಸಿದಳು. ಅಷ್ಟೇ ನೀರು, ಅಷ್ಟೇ ಹೊತ್ತು, ಒಂಬತ್ತಕ್ಕೂ ಟೇಪು. ಗಾಣದ ಎತ್ತಿನ ಹಾಗೆ ದುಡಿದಳು ಎನ್ನಬೇಕು, ಮಧ್ಯಾಹ್ನದ ಊಟದ ಗಂಟೆ ಹೊಡೆದದ್ದೂ ಕೇಳಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಹತ್ತನ್ನೂ ಕಲಸಿ ಮೇಲಕ್ಕೆ ಹೊತ್ತುಕೊಂಡು ಹೋದಳು.

ಪರದೆ ಎಳೆದ ಕೋಣೆಯಲ್ಲಿ ಬೆಳಕಿನ ಪೆಟ್ಟಿಗೆ ಉರಿಯುತ್ತಿತ್ತು. ದೊಡ್ಡ ಡಾಕ್ಟರು ಲಕೋಟೆಗಳನ್ನು ಒಮ್ಮೆ ತಿರುವಿ ಹಾಕಿದರು, ಇನ್ನೊಮ್ಮೆ ತಿರುವಿದರು. "ಏನಕ್ಕ, ಇವತ್ತು ಎಲ್ರಿಗೂ ಸ್ನಾನ ಮಾಡಿಸಿಬಿಟ್ರಾ?" ಎಂದರು. ಅವಳು ನಗಲಿಲ್ಲ. ಅಂದು ಮೂವರಿಗೂ ಹತ್ತನ್ನೂ ಓದಬೇಕಾಯಿತು. ಭೂತಗನ್ನಡಿ ಹಿಡಿದು, ಕಣ್ಣುಜ್ಜಿಕೊಂಡು, ಕುರ್ಚಿ ಹಿಂದೆ ಮುಂದೆ ಎಳೆದುಕೊಂಡು ಓದಿದರು. ದೊಡ್ಡ ಡಾಕ್ಟರು ಎರಡಕ್ಕೆ 'ಸಣ್ಣ ಸುಳಿವು' ಎಂದು ಹಾಕಿದರು. ಎರಡೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ ಹೆಂಗಸರದ್ದು. ನಾದಿನಿಯ ಫಿಲ್ಮಿಗೆ ಮೂವರೂ 'ಏನೂ ಇಲ್ಲ' ಎಂದು ಹಾಕಿದ್ದರು.

ಆಮೇಲೆ ಹೆಸರಿನ ಕಾಗದ ಕಿತ್ತು, ರೋಗ ಕಂಡ ದಿನದ ಹೊಸ ಫಿಲ್ಮನ್ನು ಹಳೆಯದರ ಪಕ್ಕ ಸಿಕ್ಕಿಸಿದರು. ಹೊಸದರಲ್ಲಿ ಬೆಳ್ಳಗೆ ಒಂದು ನಕ್ಷತ್ರ, ಕುರುಡನಿಗೂ ಕಾಣುವಂಥದ್ದು. ಹಳೆಯದರಲ್ಲಿ ಅದೇ ಜಾಗವನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಡಾಕ್ಟರಮ್ಮ ಅಂದು ಓದಿದ್ದು ಸರಿಯಾಗಿಯೇ ಇತ್ತು.

"ಸಾರ್," ಎಂದಳು ಲಕೋಟೆಯಕ್ಕ ಬಾಗಿಲ ಬಳಿಯಿಂದ. "ಅದು ನನ್ನ ನಾದಿನಿಯ ಫೋಟೋ. ನಾನು ಮುಟ್ಟಬಾರದಿತ್ತು, ಮುಟ್ಟಿದ್ದೀನಿ. ಇನ್ನೊಂದು ಮಾತು. ಧೂಳಿನ ವಿಷಯ ನೀವು ತಮಾಷೆಗೆ ಹೇಳಿದ್ರಿ. ಅದು ತಮಾಷೆಯಲ್ಲ ಸಾರ್. ಡಾಕ್ಟರಮ್ಮನ ಮೇಲೆ ಗುರುತು ಬಿದ್ದ ಆ ಎರಡು ಫಿಲ್ಮನ್ನೂ ಮತ್ತೆ ಬೆರೆಸಿ ಬೇರೆ ಯಾರ ಕೈಲಾದ್ರೂ ಓದಿಸಿ. ತಪ್ಪು ನಂದು."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನಿಮಗೆ ಗೊತ್ತಿರಲಿಲ್ಲ ಅಕ್ಕ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಗ್ತಾ ಕೂತಿದ್ದೆ," ಎಂದರು. ಆಮೇಲೆ ಹಾಗೆಯೇ ಮಾಡಿಸಿದರು. ಎರಡರಲ್ಲಿ ಒಂದು ಗುರುತು ಅಳಿಸಿತು, ಇನ್ನೊಂದು ಹಾಗೇ ಉಳಿಯಿತು. ಉಳಿದದ್ದು ನಿಜವಾಗಿಯೂ ಕಾಣಬೇಕಾದದ್ದೇ. ಡಾಕ್ಟರಮ್ಮ ಅದನ್ನು ಒಪ್ಪಿಕೊಂಡು, ತಿಂಗಳುಗಳ ನಂತರ ಚಹಾಕ್ಕೆ ಬಂದು ಕೂತಳು. ಇದೆಲ್ಲ ಮುಂದಿನ ಮಾತು.

ಅಂದು ಬಾಗಿಲಲ್ಲಿ ನಿಂತೇ ಲಕೋಟೆಯಕ್ಕ ಕೇಳಿದ್ದಳು: "ನಾಲ್ಕು ತಿಂಗಳು ಮುಂಚೆ ಬಂದಿದ್ರೆ ಸಾರ್?"

"ಗೊತ್ತಿಲ್ಲ," ಎಂದರು ಅವರು. "ಕಂಕುಳಿಗೆ ಹೋಗ್ತಿರ್ಲಿಲ್ಲವೋ ಏನೋ. ಆಗ್ಲೇ ಹೋಗಿತ್ತೋ ಏನೋ. ಖಂಡಿತ ಗೊತ್ತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ."

ಸಂಜೆ ನಾದಿನಿಯ ಮನೆಗೆ ಹೋದಾಗ ಯಂತ್ರ ಓಡುತ್ತಿತ್ತು. ಲಕೋಟೆಯಕ್ಕ ಚಪ್ಪಲಿ ಬಿಟ್ಟು ಬಂದು ಬಟ್ಟೆಯ ಗಂಟಿನ ಮೇಲೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಬಿದ್ದುಹೋಗಿತ್ತು.

"ಇರಲಿಲ್ಲ ಕಣೇ," ಎಂದಳು. "ಫೋಟೋದಲ್ಲಿ ಇರಲಿಲ್ಲ. ಮೂರು ಜನ ನೋಡಿದ್ರು. ಆಮೇಲೆ ಬಂದದ್ದು ಅದು."

ನಾದಿನಿ ಯಂತ್ರ ನಿಲ್ಲಿಸಿದಳು. "ಹಾಗಾದ್ರೆ ಯಾರದ್ದೂ ತಪ್ಪಿಲ್ಲ," ಎಂದು ಉಸಿರು ಬಿಟ್ಟಳು.

ಅಲ್ಲಿಗೇ ಬಿಡಬಹುದಿತ್ತು. ನಾದಿನಿಯೇ ಬಾಗಿಲು ತೆರೆದು ಕೊಟ್ಟಿದ್ದಳು. ಎದ್ದು ಮನೆಗೆ ಹೋಗಬಹುದಿತ್ತು.

"ಇದೆ," ಎಂದಳು ಲಕೋಟೆಯಕ್ಕ. "ನೀನು ಸುಕ್ಕು ಅಂತ ಹೇಳಿದೆ. ನಾನು ಸುಮ್ನಿರು ಅಂದೆ. ಫೋಟೋ ತೆಗೆದ ದಿನ ಇಲ್ಲ ಅಂದ್ರೆ ಆಮೇಲೂ ಇರಲ್ಲ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಇಪ್ಪತ್ತೆರಡು ವರ್ಷ ಅಂಥಾ ಲಕೋಟೆಗಳನ್ನೇ ಹೊತ್ತಿದ್ದೀನಿ. ನನಗೆ ಗೊತ್ತಿರ್ಬೇಕಿತ್ತು. ನಾಲ್ಕು ತಿಂಗಳು ನನ್ನಿಂದ ಹೋಯ್ತು."

ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ನಾದಿನಿ ಸೂಜಿಗೆ ದಾರ ಏರಿಸಲು ಹೋದಳು. ದಾರ ಏರಲಿಲ್ಲ.

"ನನಗೆ ಅವತ್ತೇ ಭಯ ಇತ್ತು," ಎಂದಳು ಕೊನೆಗೆ. "ಭಯಕ್ಕೇ ನಿನಗೆ ಹೇಳಿದ್ದು. ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ದಿನಾ ಸ್ನಾನಕ್ಕೆ ಹೋದಾಗ ನೋಡ್ಕೊಳ್ತಿದ್ದೆ, ದಿನಾ ಅತ್ತಿಗೆ ಹೇಳಿದ್ದಾಳಲ್ಲ ಅಂದ್ಕೊಳ್ತಿದ್ದೆ. ನೀನು ಹೋಗು ಅತ್ತಿಗೆ. ಇವತ್ತು ಹೋಗು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲಕೋಟೆಯಕ್ಕ ಎದ್ದು ಬಂದಳು. ಹನ್ನೊಂದು ದಿನ ಎರಡು ಬೀದಿಯ ನಡುವೆ ಒಂದು ಸುದ್ದಿಯೂ ಓಡಾಡಲಿಲ್ಲ. ಲಕೋಟೆಯಕ್ಕನ ಗಂಡ ತಂಗಿಯ ಮನೆಗೂ ತನ್ನ ಮನೆಗೂ ಓಡಾಡಿ, ಎರಡೂ ಕಡೆ ಬೈಸಿಕೊಂಡು, ತನ್ನ ಪಾಡಿಗೆ ತಾನು ಪೇಪರು ಓದುತ್ತಾ ಕೂತ. ಲಕೋಟೆಯಕ್ಕ ಕಿಟಕಿಯಲ್ಲಿ ಕೂತು ಮೂಕಿಯ ಹಾಗೆ ಕಾಗದ ಹಂಚಿದಳು. ಯಾವ ತಾಯಿಗೂ 'ಕಲ್ಲುಗುಂಡು' ಎನ್ನಲಿಲ್ಲ. ಹೆಂಗಸರು ಕಾಗದ ಹಿಡಿದು, ಇವಳ ಮುಖ ನೋಡಿ, ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ತಿಳಿಯದೆ ಗಾಬರಿಯಾಗಿ ಹೋಗುತ್ತಿದ್ದರು.

ಹನ್ನೆರಡನೆಯ ದಿನ ಗುರುವಾರ. ಔಷಧಿಯ ಸರದಿಗೆಂದು ಬಂದಿದ್ದ ನಾದಿನಿ ಸೀದಾ ಕಿಟಕಿಯ ಹತ್ತಿರ ಬಂದು, ಸಾಲಿನ ಪಕ್ಕದಲ್ಲಿ ನಿಂತಳು. ತಲೆಯ ಮೇಲೆ ಹೂವಿನ ಚಿತ್ತಾರದ ಟೋಪಿ, ಕಣ್ಣಿನ ಕೆಳಗೆ ಕಪ್ಪು. ಮೂರು ಜನಕ್ಕೆ ಅತ್ತಿಗೆ ಕಾಗದ ಕೊಡುವುದನ್ನು ನೋಡಿದಳು.

"ಇದೇನು, ನಾಲಿಗೆ ಮನೇಲಿ ಬಿಟ್ಟು ಬಂದಿದ್ದೀಯಾ?" ಎಂದಳು.

"ಆಡಿ ಕೆಟ್ಟೆನಲ್ಲ," ಎಂದಳು ಲಕೋಟೆಯಕ್ಕ, ತಲೆ ಎತ್ತದೆ.

"ಆಡಿದ್ದೂ ತಪ್ಪು, ಈಗ ಬಾಯಿ ಮುಚ್ಕೊಂಡು ಕೂತಿದ್ದೀಯಲ್ಲ, ಇದೂ ತಪ್ಪೇ. ನನಗೆ ಸುಮ್ನಿರು ಅಂತ ಹೇಳಿ ಈಗ ನೀನೂ ಸುಮ್ನಿದ್ರೆ ಇವರಿಗೆಲ್ಲ ಹೇಳೋರು ಯಾರು?" ನಾದಿನಿ ಆಗ ತಾನೇ ಕಾಗದ ಪಡೆದ ಹೆಂಗಸಿನ ಕಡೆ ತಿರುಗಿದಳು. ಗುರುತು ಪರಿಚಯ ಇಲ್ಲ, ಯಾವುದೋ ಬೇಕರಿಯ ಏಪ್ರನ್ನಿನಲ್ಲೇ ಓಡಿ ಬಂದಿದ್ದವಳು. "ನೋಡಮ್ಮ, ಏನೂ ಇಲ್ಲ ಅಂತ ಬರೆದಿದ್ದಾರೆ, ನಗ್ತಾ ಮನೆಗೆ ಹೋಗು. ಆದ್ರೆ ಇದು ಫೋಟೋ ತೆಗೆದ ದಿನದ ಮಾತು. ನಾಳೆದಲ್ಲ. ಒಂದು ಸುಕ್ಕೋ, ಎಳೆದ ಹಾಗೋ, ಗಂಟೋ, ಏನು ಕಂಡ್ರೂ ಎರಡು ವರ್ಷ ಕಾಯ್ಬೇಡ. ಮಾರನೇ ದಿನವೇ ಬಾ. ನಿಮ್ಮತ್ತಿಗೆ ಬೇಡ ಅಂದ್ರೂ ಬಾ."

ಆ ಹೆಂಗಸು ಟೋಪಿಯನ್ನು ನೋಡಿದಳು, ಕಿಟಕಿಯೊಳಗಿನ ಮುಖವನ್ನು ನೋಡಿದಳು. "ನನಗೆ ಅತ್ತಿಗೆ ಇಲ್ಲಮ್ಮ," ಎಂದಳು.

"ಪುಣ್ಯವಂತೆ," ಎಂದಳು ನಾದಿನಿ.

ಲಕೋಟೆಯಕ್ಕನಿಗೆ ನಗು ಬಂತು. ನಗುವಿನ ಜೊತೆಗೇ ಅಳುವೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ನಾದಿನಿ ನಗಲಿಲ್ಲ. ಹೊಟ್ಟೆಗೆ ಹಾಕಿಕೊಂಡಳೋ ಇಲ್ಲವೋ ಅವಳು ಹೇಳಲೂ ಇಲ್ಲ. ಆದರೆ ಹೊರಟುಹೋಗಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ದೃಷ್ಟಿ ನೆಟ್ಟಳು. ತನ್ನ ಹೆಸರು ಕೂಗಲು ಇನ್ನೂ ಅರ್ಧ ಗಂಟೆ ಇತ್ತು.

ಸಾಲಿನಲ್ಲಿದ್ದ ಮುಂದಿನವಳು ಬಂದು ನಿಂತಳು. ಲಕೋಟೆಯಕ್ಕ ಅವಳ ಕಾಗದ ಹುಡುಕಿ ತೆಗೆದಳು. ಕೊಡುವ ಮೊದಲು ಗಂಟಲು ಸರಿಮಾಡಿಕೊಂಡಳು.

"ಏನೂ ಇಲ್ಲ ತಾಯಿ," ಎಂದಳು. "ಆದ್ರೆ ಒಂದು ಮಾತು ಕೇಳಿಸ್ಕೊಂಡು ಹೋಗು."